ನೀರಿಗೂ ಹೆಪ್ಪು ಹಾಕಬೇಕು

“ತಮ್ಮಾ, ಒಂದ್ನಿಮಿಷ ಇಲ್ಲಿ ಬಂದು ನೋಡು.”

ಪಕ್ಕದ ಮನೆ ಅಕ್ಕ ಬೇಲಿಯಾಚೆಯಿಂದ ಕರೆದಾಗ ಇನ್ನೂ ಬೆಳಗಿನ ಏಳು ಗಂಟೆ. ಅವರ ಕೈಯಲ್ಲಿ ಕರಿಬೇವಿನ ಒಂದು ಕಡ್ಡಿ. ಎಲೆಗಳ ತುದಿ ಬೆಂಕಿ ತಾಗಿದಂತೆ ಕಂದಿತ್ತು, ಅಂಚು ಮುರುಟಿಕೊಂಡಿತ್ತು. ಹುಳು ತಿಂದ ಗುರುತಿಲ್ಲ, ಜಿಗಿ ಇಲ್ಲ, ಬೂದಿ ಇಲ್ಲ. ನೋಡಿದ ಕೂಡಲೇ ನನ್ನ ಹೊಟ್ಟೆಯೊಳಗೆ ಸಂಕಟವಾಯಿತು, ಯಾಕೆಂದರೆ ಅದು ಯಾರ ಕೈಯ ಕೆಲಸ ಅಂತ ನನಗೆ ಗೊತ್ತಾಗಿತ್ತು.

ಎರಡು ವಾರಕ್ಕೊಮ್ಮೆ ನನ್ನ ಮೀನಿನ ತೊಟ್ಟಿಯಿಂದ ಇಪ್ಪತ್ತು ಲೀಟರ್ ನೀರು ತೆಗೆದು ಹೊಸ ನೀರು ತುಂಬುತ್ತೇನೆ. ತೆಗೆದ ನೀರನ್ನು ಬೇಲಿ ಮೂಲೆಯಲ್ಲಿ ಸುರಿಯುತ್ತಿದ್ದೆ. ಅದು ಉಪ್ಪುನೀರು, ಲೀಟರಿಗೆ 35 ಗ್ರಾಂ ಉಪ್ಪು. ಒಂದು ಸಲಕ್ಕೆ 700 ಗ್ರಾಂ. ಆರು ತಿಂಗಳಿಗೆ ಲೆಕ್ಕ ಹಾಕಿದರೆ ಒಂಬತ್ತು ಕಿಲೋ ಉಪ್ಪನ್ನು ಅಕ್ಕನ ಕರಿಬೇವಿನ ಬೇರಿಗೆ ನಾನೇ ಹೊತ್ತು ಹಾಕಿದ್ದೆ. ಬೇಲಿ ಇರುವುದು ಮಣ್ಣಿನ ಮೇಲೆ, ಬೇರಿಗೇನು ಬೇಲಿ?

ಅವತ್ತೇ ಆ ಮೂಲೆಗೆ ಪಾತಿ ಕಟ್ಟಿ, ಮೂರು ದಿನ ಸಿಹಿನೀರು ಬಿಟ್ಟು, ಉಪ್ಪು ಬೇರಿಗಿಂತ ಕೆಳಗೆ ಇಳಿಯುವ ಹಾಗೆ ಮಾಡಿದೆ. ಮೇಲಿನ ಎರಡು ಕೊಂಬೆ ಉಳಿಯಲಿಲ್ಲ. ಬುಡದಿಂದ ಹೊಸ ಚಿಗುರು ಬಂದಿದೆ. ಈಗ ಆ ನೀರು ಹಿತ್ತಲಿನ ನಾಲ್ಕು ತೆಂಗಿನ ಮರಗಳಿಗೆ, ಒಂದು ಸಲ ಒಂದರ ಬುಡಕ್ಕೆ. ತೆಂಗಿಗೆ ಕ್ಲೋರೈಡ್ ಬೇಕೇ ಬೇಕು, ಹಿರಿಯರು ತೆಂಗಿನ ಪಾತಿಗೆ ಉಪ್ಪು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೂ ಒಂದೇ ಮರಕ್ಕೆ ಸುರಿಯಬಾರದು.

ಅಕ್ಕ ಬೈಯಲಿಲ್ಲ. ಕಡ್ಡಿಯನ್ನು ಬೇಲಿಯ ಮೇಲಿಟ್ಟು, “ಅಲ್ಲ ಕಣೋ, ಈ ಬೆಟ್ಟದ ಬುಡದಲ್ಲಿ ನಿನಗೆ ಸಮುದ್ರ ಯಾಕಪ್ಪಾ ಬೇಕಾಯ್ತು?” ಅಂದರು. ಅಲ್ಲಿಂದ ಶುರುವಾದ ಮಾತು ದಿನಾ ಬೆಳಿಗ್ಗೆ ಅವರು ಎಮ್ಮೆ ಹಾಲು ಕರೆದು ಸೊಸೈಟಿಗೆ ಕಳಿಸಿದ ಮೇಲೆ ಬೇಲಿಯ ಎರಡೂ ಕಡೆ ನಿಂತು ಮುಂದುವರಿಯುತ್ತಲೇ ಇದೆ.

ನಮ್ಮದು ಸೇಲಂ ಜಿಲ್ಲೆಯ ಕೊಳತ್ತೂರಿನ ಕಡೆ. ಮೇಲೆ ಪಾಲಮಲೆ, ಅದರ ನೆತ್ತಿಯಲ್ಲಿ ಸಿದ್ಧೇಶ್ವರ, ಕೆಳಗೆ ಮೆಟ್ಟೂರಿನ ಹಿನ್ನೀರು. ಮೀನು ನಮಗೆ ಹೊಸದಲ್ಲ. 1934ರಲ್ಲಿ ಅಣೆಕಟ್ಟು ಮುಗಿದ ಮೇಲೆ ಈ ಸೀಮೆಯಲ್ಲಿ ಮೀನು ಹಿಡಿಯುವುದೇ ಒಂದು ಬದುಕಾಯಿತು. ಕೆಂಡೆ, ಕಾಟ್ಲಾ, ಜಿಲೇಬಿ ಅಂತ ಸಂತೆಯಲ್ಲಿ ಕೂಗುವುದನ್ನು ಕೇಳುತ್ತಲೇ ಬೆಳೆದವರು ನಾವು. ನೀರು ತಗ್ಗಿದ ವರ್ಷ ಪಣ್ಣವಾಡಿ ಕಡೆ ಮುಳುಗಿದ ಊರಿನ ನಂದಿ ತಲೆ ಎತ್ತುತ್ತದೆ, ಇಗರ್ಜಿಯ ಗೋಪುರ ಕಾಣುತ್ತದೆ. ಆಗ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಮಳೆ ಕೈಕೊಡದ ವರ್ಷಗಳಲ್ಲಿ ಜೂನ್ 12ಕ್ಕೆ ತೂಬು ಎತ್ತುತ್ತಾರೆ. ನಮ್ಮ ಕಣ್ಣೆದುರಿನ ನೀರು ತಂಜಾವೂರಿನ ಗದ್ದೆಗಳನ್ನು ಹಾದು ಪೂಂಪುಹಾರಿನಲ್ಲಿ ಕಡಲು ಸೇರುತ್ತದೆ. ಚಿಕ್ಕವನಿದ್ದಾಗಿಂದ ನನಗೆ ಒಂದೇ ಯೋಚನೆ: ಇಲ್ಲಿಂದ ಹೋದ ನೀರು ಅಲ್ಲಿ ಏನಾಗುತ್ತದೆ, ಅದರೊಳಗೆ ಏನೇನು ಬದುಕುತ್ತದೆ? ಅಕ್ಕನಿಗೆ ನಾನು ಕೊಟ್ಟ ಉತ್ತರವೂ ಅದೇ.

“ಸರಿ, ಅದಕ್ಕೆ ಅಂಗಡಿ ಕಲ್ಲುಪ್ಪು ತಂದು ಕಲಸಿದ್ರೆ ಆಯ್ತಲ್ಲ?” ಅಂದರು.

ಎಲ್ಲರೂ ಕೇಳುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆಯೂ ಹೌದು. ಉಪ್ಪಾಗರದಲ್ಲಿ ಕಡಲ ನೀರನ್ನು ಪಾತಿಯಿಂದ ಪಾತಿಗೆ ಹರಿಸಿ ಬಿಸಿಲಿಗೆ ಬಿಡುತ್ತಾರೆ. ನೀರು ಆರುತ್ತಾ ಹೋದಂತೆ ಮೊದಲು ಸುಣ್ಣದ ಅಂಶ ತಳ ಕಚ್ಚುತ್ತದೆ, ಆಮೇಲೆ ಜಿಪ್ಸಂ. ಅದು ಕಳೆದ ಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿದ ಕಹಿ ನೀರನ್ನು ಹೊರಗೆ ಬಿಡುತ್ತಾರೆ, ಮೆಗ್ನೀಸಿಯಂ ಬಹುಪಾಲು ಹೋಗುವುದು ಅದರ ಜೊತೆಗೆ. ಕಡಲ ನೀರಿನ ಒಂದು ಲೀಟರಿನಲ್ಲಿ ಮೆಗ್ನೀಸಿಯಂ 1.3 ಗ್ರಾಂ ಹತ್ತಿರ, ಕ್ಯಾಲ್ಸಿಯಂ 0.4 ಗ್ರಾಂ, ಪೊಟ್ಯಾಸಿಯಂ ಕೂಡ ಅಷ್ಟೇ ಇರುತ್ತದೆ. ಕಲ್ಲುಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಉಳಿದು ಇವೆಲ್ಲ ಬಹುಪಾಲು ಕಳೆದುಹೋಗಿರುತ್ತವೆ. ಬರೀ ಉಪ್ಪು ಹಾಕಿದ ಸಾರಿಗೂ ಬೇಳೆ, ಹುಳಿ, ಖಾರ ಬಿದ್ದ ಸಾರಿಗೂ ಇರುವ ವ್ಯತ್ಯಾಸ ಅದು. ಹಾಗಾಗಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣವನ್ನೇ ತರಬೇಕು. ನನ್ನ ತೊಟ್ಟಿಗೆ ಮೊದಲ ಸಲ ಐದು ಕಿಲೋ ಹತ್ತಿರ ಹಿಡಿಯಿತು.

ನೀರಿನದು ಇನ್ನೊಂದು ಪಾಡು. ಪಕ್ಕದ ಧರ್ಮಪುರಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟೋ ಜನರ ಹಲ್ಲು, ಮೂಳೆ ತಿಂದಿದೆ. ಹೊಗೇನಕಲ್ಲಿನ ಕಾವೇರಿ ನೀರನ್ನು ಕೊಳಾಯಿಗೆ ಹರಿಸುವ ಯೋಜನೆ 2013ರಲ್ಲಿ ಶುರುವಾದದ್ದೇ ಅದಕ್ಕಾಗಿ. ಮನುಷ್ಯರಿಗೇ ಆಗದ ಬೋರ್ ನೀರನ್ನು ಕಡಲ ಮೀನಿಗೆ ಕೊಡುವುದು ಹೇಗೆ? ಕೊಳಾಯಿ ನೀರಿನಲ್ಲಿ ಕ್ಲೋರಿನ್, ಜೊತೆಗೆ ಪಾಚಿಗೆ ಊಟವಾಗುವ ಅಂಶಗಳು. ಆರ್‌ಓ ನೀರೇ ಸರಿ. ಮಳೆಗಾಲದಲ್ಲಿ ಮೊದಲ ಎರಡು ಮಳೆ ಬಿಟ್ಟು, ಆಮೇಲೆ ತೊಳೆದ ಡ್ರಮ್ಮಿಗೆ ಹಿಡಿದ ನೀರೂ ಆಗುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಪಾತ್ರೆ ತೊಳೆಯಲು.

ಉಪ್ಪು ಎಷ್ಟು ಕರಗಿದೆ ಅಂತ ನೋಡಲು ನಾನು ಗಾಜಿನ ಕೊಳವೆ ತೇಲಿಬಿಡುವುದನ್ನು ಅಕ್ಕ ಒಮ್ಮೆ ಬಂದು ನೋಡಿದರು. “ಇದು ನಮ್ಮ ಸೊಸೈಟಿಯದ್ದಲ್ವಾ!” ಅಂದರು. ಹೌದು, ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಡೈರಿಯವರು ಹಿಡಿಯುವ ಲ್ಯಾಕ್ಟೋಮೀಟರ್ ಕೆಲಸ ಮಾಡುವುದೂ ಹೀಗೇ. ದ್ರವ ಭಾರವಾದಷ್ಟೂ ಕೊಳವೆ ಮೇಲೆ ತೇಲುತ್ತದೆ. ಒಳ್ಳೆಯ ಹಾಲು ಸಿಹಿನೀರಿಗಿಂತ 1.03 ಪಟ್ಟು ಭಾರ, ಕಡಲ ನೀರು 1.025ರ ಸುಮಾರು. ಹಾಲಿಗೂ ಕಡಲಿಗೂ ತೂಕದಲ್ಲಿ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆ ಅಂತ ಅಕ್ಕನ ಮಾತಿನಿಂದಲೇ ನನಗೂ ಹೊಳೆದದ್ದು.

ತೊಟ್ಟಿ ದೊಡ್ಡದೇನಲ್ಲ. ಎರಡು ಅಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ತುಂಬಿದರೆ 127 ಲೀಟರ್. ಗಾಜು, ಮರಳು ಸೇರಿ ಒಂದೂವರೆ ಕ್ವಿಂಟಾಲ್ ಮೀರುತ್ತದೆ, ಅದಕ್ಕೇ ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆ. ಕೆಳಗೆ ಇನ್ನೊಂದು ಚಿಕ್ಕ ಗಾಜಿನ ಪೆಟ್ಟಿಗೆ. ಅದಕ್ಕೂ ಸಂಪ್ ಅಂತಲೇ ಹೆಸರು, ಮನೆ ಮುಂದೆ ನೆಲದೊಳಗೆ ಕಟ್ಟಿಸುತ್ತೇವಲ್ಲ ಅದೇ ಹೆಸರು. ಮೇಲಿನ ನೀರು ಪೈಪಿನಲ್ಲಿ ಇಳಿದು ಸಂಪಿಗೆ ಬೀಳುತ್ತದೆ. ಅಲ್ಲಿ ಬಿಳಿ ಹತ್ತಿಯ ಪದರ ಕಸ ಹಿಡಿಯುತ್ತದೆ, ಸ್ಕಿಮ್ಮರ್ ನೊರೆ ತೆಗೆಯುತ್ತದೆ, ಪಿಂಗಾಣಿ ಬಳೆಗಳ ಮಧ್ಯೆ ಹಾದು ಪಂಪಿನ ಮೂಲಕ ನೀರು ಮತ್ತೆ ಮೇಲಕ್ಕೆ. ಸಂಪನ್ನು ಯಾವತ್ತೂ ಪೂರ್ತಿ ತುಂಬಬಾರದು. ಕರೆಂಟು ಹೋದಾಗ ಮೇಲಿನ ನೀರು ಒಂದಷ್ಟು ಕೆಳಗಿಳಿಯುತ್ತದೆ, ಅದಕ್ಕೆ ಜಾಗ ಇಡದಿದ್ದರೆ ನಡುಮನೆಯೆಲ್ಲ ಉಪ್ಪುನೀರು.

ಸ್ಕಿಮ್ಮರನ್ನು ಅಕ್ಕನಿಗೆ ವಿವರಿಸಲು ನನಗೆ ಆಲೆಮನೆ ಬೇಕಾಯಿತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಾರೆ, ಕಪ್ಪು ಮಡ್ಡಿ ನೊರೆಯಾಗಿ ಮೇಲೇಳುತ್ತದೆ, ಜಾಲರಿಯಲ್ಲಿ ಎತ್ತಿ ಚೆಲ್ಲುತ್ತಾರೆ. ಎತ್ತದೆ ಬಿಟ್ಟರೆ ಬೆಲ್ಲ ಕಪ್ಪು. ಸ್ಕಿಮ್ಮರ್ ಮಾಡುವುದೂ ಅದನ್ನೇ, ಬೆಂಕಿಯ ಬದಲು ಗಾಳಿಯಿಂದ. ಉದ್ದನೆಯ ಕೊಳವೆಯೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ. ಮೀನಿನ ಲೋಳೆ, ಹಿಕ್ಕೆ, ತಿನ್ನದೆ ಉಳಿದ ಆಹಾರ ಕರಗಿದ ಮೇಲೆ ಅದರ ಅಂಶಗಳು ಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆ ಮೇಲೇರಿ ನೊರೆಯಾಗಿ, ನೊರೆ ಉಕ್ಕಿ ಮೇಲಿನ ಲೋಟಕ್ಕೆ ಬೀಳುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದಪ್ಪವಾಗಿಬಿಡುತ್ತವೆ, ಉಪ್ಪುನೀರಿನಲ್ಲಿ ಸಣ್ಣಗೇ ಉಳಿಯುತ್ತವೆ. ಸ್ಕಿಮ್ಮರ್ ಕಡಲ ತೊಟ್ಟಿಗೆ ಮಾತ್ರ ಒಗ್ಗುವುದು ಅದಕ್ಕೇ. ಮೂರು ದಿನಕ್ಕೊಮ್ಮೆ ಆ ಲೋಟ ತೊಳೆಯುತ್ತೇನೆ. ಕೆಟ್ಟ ಡಿಕಾಕ್ಷನ್ ಬಣ್ಣದ ನೀರು, ಅಂಚಿಗೆ ಹಸಿರುಗಪ್ಪು ಜಿಡ್ಡು, ಹಿಡಿದರೆ ಎರಡು ಸಲ ಸೋಪು ಹಾಕಿದರೂ ಬೆರಳಿನಿಂದ ಹೋಗದ ವಾಸನೆ. ಅದು ಕಂಡಾಗ ನನಗೆ ಸಮಾಧಾನ. ಲೋಟದಲ್ಲಿದ್ದದ್ದು ತೊಟ್ಟಿಯಲ್ಲಿ ಇಲ್ಲ ಅಂತ ತಾನೆ!

ಆದರೆ ಹತ್ತಿ, ಸ್ಕಿಮ್ಮರ್ ಇವೆಲ್ಲ ಸಹಾಯಕರು. ತೊಟ್ಟಿಯ ಜೀವ ಇರುವುದು ಆ ಪಿಂಗಾಣಿ ಬಳೆಗಳ ಮೇಲೆ. ಅದನ್ನು ನಾನು ಕಲಿತದ್ದು ಮೀನುಗಳನ್ನು ಕೊಂದು.

ಮೊದಲ ಸಲ ಮೀನು ತರಿಸಿದ್ದು ಚೆನ್ನೈನಿಂದ. ಚೆನ್ನೈನಲ್ಲೂ ಒಂದು ಕೊಳತ್ತೂರಿದೆ, ಅಲಂಕಾರದ ಮೀನಿನ ವ್ಯಾಪಾರಕ್ಕೆ ಹೆಸರಾದ ಬಡಾವಣೆ. ಕಳಿಸುವ ಊರೂ ಕೊಳತ್ತೂರು, ಸೇರುವ ಊರೂ ಕೊಳತ್ತೂರು. ಪಿನ್‌ಕೋಡ್ ದಪ್ಪ ಅಕ್ಷರದಲ್ಲಿ ಬರೆಸಿ, ರಾತ್ರಿ ಬಸ್ಸಿಗೆ ಹಾಕಿಸಿಕೊಂಡೆ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ, ಒಳಗೆ ನೀಲಿ ಡ್ಯಾಮ್ಸೆಲ್ ಮೂರು. ತೊಟ್ಟಿಗೆ ಉಪ್ಪುನೀರು ತುಂಬಿ ಎರಡೇ ದಿನವಾಗಿತ್ತು. ನೀರು ಕನ್ನಡಿಯ ಹಾಗೆ ಕಾಣುತ್ತಿತ್ತು. ಸಾಕು ಅಂದುಕೊಂಡು ಬಿಟ್ಟೆ.

ಐದನೆಯ ದಿನ ಮೂರೂ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕಿವಿರು ಕೆಂಪಗೆ ಉಬ್ಬಿತ್ತು, ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದಿದ್ದವು. ನೀರು ಆಗಲೂ ಕನ್ನಡಿಯ ಹಾಗೇ ಇತ್ತು. ಒಂಬತ್ತನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಮೀನು ಕಿವಿರಿನಿಂದ ಹೊರಗೆ ಬಿಡುವುದು ಅಮೋನಿಯಾ. ಕಡಲ ನೀರು ಕ್ಷಾರ, ಪಿಎಚ್ 8.2ರ ಹತ್ತಿರ, ಆ ಕ್ಷಾರದಲ್ಲಿ ಅಮೋನಿಯಾದ ವಿಷ ಇನ್ನೂ ಏರುತ್ತದೆ. ಕಡಲಿನಲ್ಲಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಕಲ್ಲು ಮರಳಿನ ಮೇಲೆಲ್ಲ ಇವೆ. ನನ್ನ ಹೊಸ ತೊಟ್ಟಿಯಲ್ಲಿ ಯಾರಿದ್ದರು? ಆ ಮೀನುಗಳು ತಮ್ಮ ಉಸಿರಿನ ವಿಷವನ್ನೇ ಮತ್ತೆ ಉಸಿರಾಡಿ ಸತ್ತವು. ಇವತ್ತಿಗೂ ಅದನ್ನು ನೆನೆದರೆ ನನಗೆ ನೋವಾಗುತ್ತದೆ.

“ಅಂದ್ರೆ ಹಾಲು ಕಾಯಿಸಿ ಹೆಪ್ಪು ಹಾಕದೆ ಮೊಸರಿಗೆ ಕಾದ ಹಾಗಾಯ್ತು” ಅಂದರು ಅಕ್ಕ. ಅಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ.

ಎರಡನೆಯ ಸಲ ಒಂದು ಮೀನೂ ತರಲಿಲ್ಲ. ಬರೀ ನೀರಿಗೆ ಒಂದು ಹಸಿ ಸೀಗಡಿ ಹಾಕಿ ಕೊಳೆಯಲು ಬಿಟ್ಟೆ. ದಿನಾ ಒಂದು ಕೊಳವೆ ನೀರಿಗೆ ಟೆಸ್ಟ್ ಕಿಟ್ಟಿನ ಹನಿ ಹಾಕಿ ಬಣ್ಣ ನೋಡುವುದು. ಮೊದಲ ವಾರ ಅಮೋನಿಯಾದ ಹಳದಿ ಹಸಿರಿಗೆ ತಿರುಗಿತು. ಎರಡನೆಯ ವಾರ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡತೊಡಗಿತು, ಆ ಕೊಳವೆ ನೇರಳೆ. ನೈಟ್ರೈಟ್ ತಿನ್ನುವ ಇನ್ನೊಂದು ಜಾತಿ ಬೆಳೆಯುವುದು ಬಲು ನಿಧಾನ. ಐದನೆಯ ವಾರದ ಕೊನೆಗೆ ಎರಡೂ ಬಣ್ಣ ಇಳಿದು, ನೈಟ್ರೇಟ್ ಮಾತ್ರ ಉಳಿಯಿತು. ಅದರ ವಿಷ ಕಡಿಮೆ, ವಾರ ಬಿಟ್ಟು ವಾರ ನೀರು ಬದಲಿಸಿ ತೆಗೆಯಬಹುದು. ಅಮೋನಿಯಾವನ್ನು ತಿಂದು ಬದುಕುವ ಜೀವಿಗಳು ಇವೆ ಅಂತ ರಷ್ಯಾದ ವಿನೊಗ್ರಾಡ್‌ಸ್ಕಿ ಸುಮಾರು 1890ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೂವತ್ತೇಳು ವರ್ಷ ಮೊದಲು, 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಜನ ಗಾಜಿನ ತೊಟ್ಟಿಯ ಮೀನು ನೋಡಲು ಶುರುಮಾಡಿದ್ದರು. ನಮ್ಮ ಮದ್ರಾಸಿನ ಮರೀನಾದಲ್ಲೂ 1909ರಲ್ಲಿ ಅಕ್ವೇರಿಯಂ ತೆರೆದಿತ್ತು. ಆ ಕಾಲದಲ್ಲಿ ಟೆಸ್ಟ್ ಕಿಟ್ ಇಲ್ಲದೆ ಮೀನು ಉಳಿಸಿದವರ ಕೈಗುಣ ದೊಡ್ಡದು.

ಹೆಪ್ಪಿನ ಮಾತು ಇನ್ನೂ ಮುಂದಕ್ಕೆ ಹೋಗುತ್ತದೆ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬುವರು ಕಡಲಿನಿಂದ ಎತ್ತಿದ, ಜೀವ ತುಂಬಿದ ಕಲ್ಲು ಮತ್ತು ಬರೀ ಗಾಳಿಗುಳ್ಳೆ, ಇಷ್ಟರಿಂದಲೇ ತೊಟ್ಟಿ ನಡೆಸಬಹುದು ಅಂತ ಬರೆದರು. ಆ ಕಲ್ಲೇ ಹೆಪ್ಪು. ಲೋಕವೆಲ್ಲ ಅದನ್ನು ಹಿಡಿಯಿತು. ನಮ್ಮಲ್ಲಿ ಮಾತ್ರ ಅದು ಆಗದು, ಆಗಲೂಬಾರದು. 2001ರಿಂದ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಕಡಲ್ಗುದುರೆಗೂ ಕಾಯ್ದೆಯ ರಕ್ಷಣೆ ಇದೆ. ತೂತುಕುಡಿಯಿಂದ ರಾಮೇಶ್ವರದ ತನಕ ಹರಡಿದ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತ ಹವಳವನ್ನು ಸುಣ್ಣಕ್ಕಾಗಿ ಒಡೆದು ಸಾಗಿಸಿದ ಕಾಲವಿತ್ತು. 1986ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನನ್ನ ನಡುಮನೆ ಅಂದವಾಗಲಿ ಅಂತ ಅಲ್ಲಿಂದ ಒಂದು ಹಿಡಿ ಕಲ್ಲು ಬರುವುದೂ ಬೇಡ. “ಲೈವ್ ರಾಕ್ ಇದೆ ಸಾರ್” ಅಂತ ಯಾರಾದರೂ ಗುಟ್ಟಾಗಿ ಹೇಳಿದರೆ ಫೋನ್ ಇಟ್ಟುಬಿಡಿ. ಪಿಂಗಾಣಿ ಬಳೆ ಸಾಕು. ಅದರ ಮೈತುಂಬ ಸಣ್ಣ ತೂತು, ಪ್ರತಿ ತೂತಿನೊಳಗೂ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ.

ಮೀನೂ ಹಾಗೇ, ಕಡಲಿನಿಂದ ಹಿಡಿದದ್ದು ಬೇಡ ಅಂತ ತೀರ್ಮಾನ ಮಾಡಿದೆ. ಈಗ ಸಾಕಿರುವುದು ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು. ಮಂಡಪಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವುಗಳ ಮರಿ ಮಾಡುವ ಕ್ರಮವನ್ನು ಸಾಧಿಸಿದ್ದಾರೆ. ಕಿತ್ತಳೆ ಮೈ, ಬಿಳಿ ಪಟ್ಟೆ. ಎಲ್ಲ ಕ್ಲೌನ್ ಮೀನೂ ಮೊದಲು ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗುತ್ತದೆ. ಅಕ್ಕ ಇದನ್ನು ಕೇಳಿ ತುಸು ಹೊತ್ತು ಸುಮ್ಮನಿದ್ದು, “ಮನೆ ನಡೀಬೇಕಲ್ಲಪ್ಪಾ” ಅಂದರು. ಸಂತೆಯಿಂದ ತಂದ ಸಣ್ಣ ಮಣ್ಣಿನ ಹೂಕುಂಡವನ್ನು ಅಡ್ಡ ಮಲಗಿಸಿದ್ದೇನೆ. ದೊಡ್ಡದು ದಿನವಿಡೀ ಅದರ ಒಳಗೋಡೆಯನ್ನು ಬಾಯಿಂದ ಉಜ್ಜಿ ಉಜ್ಜಿ ಚೊಕ್ಕ ಮಾಡುತ್ತಿರುತ್ತದೆ. ಮೊಟ್ಟೆ ಇಡುವ ಮನಸ್ಸಿದ್ದಾಗ ಹೀಗೆ ಜಾಗ ಒಪ್ಪ ಮಾಡುತ್ತವಂತೆ. ಕಾಯುತ್ತಿದ್ದೇನೆ.

ಬೇಸಿಗೆ ಮಾತ್ರ ಕಷ್ಟ. ಮೇ ತಿಂಗಳ ಸೇಲಂ ಬಿಸಿಲು ಕೇಳಬೇಕೆ? ನೀರು 27 ಡಿಗ್ರಿ ದಾಟದಿದ್ದರೆ ಒಳ್ಳೆಯದು. ಬೆಚ್ಚಗಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದರ ಮೇಲೆ ಉಪ್ಪುನೀರು ಮೊದಲೇ ಸಿಹಿನೀರಿಗಿಂತ ಕಡಿಮೆ ಹಿಡಿದುಕೊಳ್ಳುವುದು. ನೀರಿನ ಮೇಲೆ ಬೀಸುವ ಹಾಗೆ ಒಂದು ಚಿಕ್ಕ ಫ್ಯಾನ್ ಕಟ್ಟಿದ್ದೇನೆ. ಮಡಕೆ ನೀರು ತಣ್ಣಗಾಗುವ ರೀತಿಯಲ್ಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ದಿನಕ್ಕೆ ಒಂದೆರಡು ಲೀಟರ್ ಆವಿಯಾಗಿ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಾಗಾಗಿ ಕಡಿಮೆಯಾದದ್ದನ್ನು ತುಂಬುವುದು ಸಿಹಿನೀರಿನಿಂದ. ಉಪ್ಪುನೀರು ತುಂಬಿದರೆ ವಾರದಲ್ಲಿ ಉಪ್ಪಾಗರವಾಗುತ್ತದೆ. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಕರೆಂಟು ಹೋದರೆ? ಬಳೆಗಳ ಮೇಲಿನ ಜೀವಿಗಳಿಗೂ ಉಸಿರು ಬೇಕು. ಮುಚ್ಚಿದ ಡಬ್ಬದ ಫಿಲ್ಟರಿನಲ್ಲಿ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಕರೆಂಟು ಬಂದಾಗ ಆ ಕೊಳೆತ ನೀರೆಲ್ಲ ಒಮ್ಮೆಲೇ ಮೀನಿನ ಮೇಲೆ ಬೀಳುತ್ತದೆ. ನನ್ನದು ತೆರೆದ ಸಂಪ್, ಜೊತೆಗೆ ಬ್ಯಾಟರಿಯ ಗಾಳಿ ಪಂಪು ಒಂದು ಗೋಡೆಯ ಮೊಳೆಗೆ ತೂಗಿರುತ್ತದೆ. ಇನ್ನೊಂದು ಮಾತು: ಬಳೆಗಳನ್ನು ಕೊಳಾಯಿ ನೀರಿನಲ್ಲಿ ತೊಳೆಯಬಾರದು. ನೀರು ಬದಲಿಸುವ ದಿನ, ಹೊರಗೆ ತೆಗೆದ ಉಪ್ಪುನೀರಿನಲ್ಲೇ ಒಮ್ಮೆ ಅಲುಗಿಸಿ ಇಟ್ಟರೆ ಸಾಕು. ಮೊಸರಿನ ಗಡಿಗೆಯನ್ನು ಸೋಪು ಹಾಕಿ ತಿಕ್ಕಿಬಿಟ್ಟರೆ ನಾಳೆಗೆ ಹೆಪ್ಪು ಎಲ್ಲಿ?

ಹೋದ ವಾರ ಅಕ್ಕನ ಮನೆಯಿಂದ ಒಂದು ಡಬ್ಬಿ ಮೊಸರು ಬಂತು. ಒಂಬತ್ತನೇ ಕ್ಲಾಸಿನ ಅವರ ಮೊಮ್ಮಗ ತಂದುಕೊಟ್ಟವನು ಹೋಗದೆ ತೊಟ್ಟಿಯ ಮುಂದೆ ನಿಂತ. ದಿನಾ ಸಂಜೆ ಬಂದು ನಿಲ್ಲುವವನೇ ಅವನು. ಒಂದೂವರೆ ಅಡಿಯ ತೊಟ್ಟಿ ಮನೆಗೆ ತಂದಾಗಿದೆಯಂತೆ, ಉಪ್ಪು ಕಲಸಿ ಪಂಪು ಓಡಿಸಿ ನಾಲ್ಕು ದಿನವಾಯಿತಂತೆ. “ಮೀನು ಯಾವಾಗ ಬಿಡ್ಲಿ ಮಾಮಾ?” ಅಂದ.

ಅವನ ಡಬ್ಬಿಯನ್ನು ಸೋಪಿಲ್ಲದೆ ಬರೀ ನೀರಿನಲ್ಲಿ ತೊಳೆದೆ. ಸಂಪಿನೊಳಗೆ ಕೈ ಹಾಕಿ ಕಂದುಗಟ್ಟಿದ ಹಳೆಯ ಬಳೆಗಳನ್ನು ಒಂದು ಹಿಡಿ ತೆಗೆದು, ಮುಳುಗುವಷ್ಟು ತೊಟ್ಟಿ ನೀರು ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚದೆ ಅವನ ಕೈಗಿತ್ತೆ. ಒಣಗಬಾರದು, ಬಿಸಿಲಿಗೆ ಇಡಬಾರದು, ಮನೆಗೆ ಹೋದ ಕೂಡಲೇ ಫಿಲ್ಟರಿಗೆ ಹಾಕಬೇಕು. ಅದಾದ ಮೇಲೆ ಸಾಸಿವೆಯಷ್ಟು ಮೀನಿನ ಆಹಾರ ದಿನಾ ಹಾಕಿ, ಬಣ್ಣ ನೋಡಿ ಬರೆದಿಡಬೇಕು. ಹಳದಿ ಹಳದಿಯಾಗಿಯೇ ವಾರವಿಡೀ ನಿಂತರೆ, ನೈಟ್ರೈಟೂ ಕಾಣದಿದ್ದರೆ, ಆಗ ಬಾ ಅಂದೆ.

ಬೇಲಿಯಾಚೆ ಅಕ್ಕ ಕಾಯುತ್ತಾ ನಿಂತಿದ್ದರು. ಡಬ್ಬಿಯೊಳಗೆ ಬಗ್ಗಿ ನೋಡಿ, ಮೂಗಿನ ಹತ್ತಿರ ಹಿಡಿದು, “ಹುಳಿ ಇಲ್ಲ, ಒಳ್ಳೆ ಹೆಪ್ಪೇ” ಅಂದರು. ಕರಿಬೇವಿನ ಚಿಗುರಿಗೆ ತಾಗದ ಹಾಗೆ ಅದನ್ನು ಎತ್ತಿ ಹಿಡಿದುಕೊಂಡೇ ಒಳಗೆ ನಡೆದರು.